ರೋಜಾಳ ವರ್ತಮಾನಕಾಲ

ಜೂನ್ ೧೨, ಗುರುವಾರ

ಎಂಟನೇ ಬಿ ಕ್ಲಾಸಿಗೆ ಸಿಂಪಲ್ ಪ್ರೆಸೆಂಟ್ ಶುರು. ಬೋರ್ಡಿನ ಮೇಲೆ ಪ್ರತಿ ವರ್ಷದ ಅದೇ ಎರಡು ಸಾಲು — ದಿನಾ ಆಗುವುದಕ್ಕೆ, ಎಂದೂ ಬದಲಾಗದ್ದಕ್ಕೆ. ಸೂರ್ಯ ಪೂರ್ವಕ್ಕೆ ಹುಟ್ಟುತ್ತಾನೆ. ಬಸ್ಸು ಒಂಬತ್ತಕ್ಕೆ ಬರುತ್ತದೆ. ‘ಎಲ್ಲಿ ಬರ್ತೈತ್ರಿ ಟೀಚರ್, ಒಂಬತ್ತೂವರಿ ಆಗ್ತೈತಿ’ ಎಂದು ಹಿಂದಿನ ಬೆಂಚು ಕೂಗಿತು. ನಕ್ಕೆ.

ಸಂಜೆ ಬಸ್ಸಿನಲ್ಲಿ ಶಿರಹಟ್ಟಿಯ ಶಾಲೆಯಿಂದ ಲಕ್ಷ್ಮೇಶ್ವರದ ಮನೆವರೆಗೆ ನಿಂತುಕೊಂಡೇ ಬಂದೆ. ಬಂದವಳೇ ಪುಂಡಿಸೊಪ್ಪಿನ ಪಲ್ಲೆ ಮಾಡಿದೆ. ಅತ್ತೆ ಒಂದು ತುತ್ತು ಬಾಯಿಗಿಟ್ಟು, ‘ನಮ್ಮ ರೋಜಾ ಇದಕ್ಕ ಜ್ವಾಳದ ನುಚ್ಚು ಹಾಕ್ತಾಳ’ ಅಂದರು.

ಹಾಕ್ತಾಳ! ರೋಜಾ ನನ್ನ ಗಂಡನ ಮೊದಲ ಹೆಂಡತಿ. ಸತ್ತು ಮೂರು ವರ್ಷ ಎರಡು ತಿಂಗಳು. ‘ಹಾಕ್ತಿದ್ಲು’ ಅನ್ನಬೇಕು. ಈ ಮನೆಯಲ್ಲಿ ಒಬ್ಬರೂ ಅನ್ನುವುದಿಲ್ಲ. ಇವರೂ ಅಷ್ಟೇ — ‘ಟೀವಿ ಸಣ್ಣಗ ಮಾಡು, ರೋಜಾಗ ಗದ್ದಲ ಸೇರೂದಿಲ್ಲ.’ ಕೇಳಿದರೆ ಬಾಯಿತಪ್ಪಿ ಬಂತಂತೆ. ಬಾಯಿ ದಿನಾ ತಪ್ಪುತ್ತದೆಯೇ?

ನಾನು ಈ ಮನೆಗೆ ಬಂದು ಹದಿಮೂರು ತಿಂಗಳು. ನನಗೆ ಹೊಟ್ಟೆಕಿಚ್ಚು. ಅದೂ ಸತ್ತವಳ ಮೇಲೆ. ಬರೆದುಬಿಟ್ಟೆ... ಯಾರು ಓದುತ್ತಾರೆ.

ಜೂನ್ ೧೫, ರವಿವಾರ

ಸ್ನೇಹಾಗೆ ಹೋಂವರ್ಕ್. ‘ಮೈ ಮದರ್’ — ಹತ್ತು ವಾಕ್ಯ, ಸಿಂಪಲ್ ಪ್ರೆಸೆಂಟಿನಲ್ಲಿ. ಐದನೇ ಕ್ಲಾಸು. ರೋಜಾಳ ಮಗಳು. ನನ್ನನ್ನು ಮನೆಯಲ್ಲೂ ‘ಟೀಚರ್’ ಅಂತಲೇ ಕರೆಯುತ್ತಾಳೆ. ಯಾರೂ ತಿದ್ದಿಲ್ಲ.

ಸುಳ್ಳು ಯಾಕೆ ಬರೆಯಲಿ, ಆಸೆ ಇತ್ತು. ದಿನಾ ಜಡೆ ಹಾಕುವವಳು ನಾನು. ಡಬ್ಬಿ ಕಟ್ಟುವವಳು ನಾನು. ಜ್ವರ ಬಂದಾಗ ಮೂರು ದಿನ ರಜೆ ಹಾಕಿದವಳೂ ನಾನೇ. ಹತ್ತರಲ್ಲಿ ಒಂದಾದರೂ... ‘ಶಿ ಈಸ್ ಎ ಟೀಚರ್’ ಅಂತ ಒಂದು.

ನೋಟ್‌ಬುಕ್ ತಂದು ಮುಂದೆ ಹಿಡಿದಳು. ಮೈ ಮದರ್ ಈಸ್ ರೋಜಾ. ಶಿ ಲೈಕ್ಸ್ ಗ್ರೀನ್ ಸ್ಯಾರಿ. ಶಿ ಮೇಕ್ಸ್ ಹೋಳಿಗೆ. ಶಿ ಟೇಕ್ಸ್ ಮಿ ಟು ಬೆಳ್ಳಟ್ಟಿ. ಹತ್ತಕ್ಕೆ ಹತ್ತೂ ಅವಳೇ.

ಕೆಂಪು ಪೆನ್ನು ತೆಗೆದುಕೊಂಡೆ. ‘ಈಸ್’ ಹೊಡೆದು ‘ವಾಸ್’. ‘ಲೈಕ್ಸ್’ ಹೊಡೆದು ‘ಲೈಕ್ಡ್’. ಮೇಡ್. ಟುಕ್. ಹತ್ತೂ ತಿದ್ದಿದೆ. ಗ್ರಾಮರ್ ಪ್ರಕಾರ ಯಾರೂ ನನ್ನ ಕಡೆ ಬೊಟ್ಟು ಮಾಡುವ ಹಾಗಿಲ್ಲ.

‘ಇಲ್ಲದವರ ಬಗ್ಗೆ ಪಾಸ್ಟ್ ಟೆನ್ಸ್ ಬರೀಬೇಕವಾ ಸ್ನೇಹಾ.’

ಕೆಂಪು ಗೀಟುಗಳನ್ನೇ ನೋಡಿದಳು. ‘ಟೀಚರ್, ನಮಗ ಇನ್ನೂ ಪಾಸ್ಟ್ ಟೆನ್ಸ್ ಹೇಳಿಕೊಟ್ಟಿಲ್ರಿ.’

‘ಈಗ ನಾ ಹೇಳಿಕೊಟ್ನಲ್ಲ’ ಅಂದೆ. ಹೊಸ ಹಾಳೆಗೆ ನೀಟಾಗಿ ಕಾಪಿ ಮಾಡಿಸಿದೆ.

ಜೂನ್ ೧೮, ಬುಧವಾರ

ಸ್ನೇಹಾಳ ಶಾಲೆಯ ಮಿಸ್ ಕೆಳಗೆ ಬರೆದಿದ್ದಾರೆ — ಕೇಳಿದ್ದು ಸಿಂಪಲ್ ಪ್ರೆಸೆಂಟ್. ಹತ್ತಕ್ಕೆ ಸೊನ್ನೆ. ಸರಿಯೇ ಇದೆ. ನಾನಾಗಿದ್ದರೂ ಸೊನ್ನೆಯೇ ಕೊಡುತ್ತಿದ್ದೆ.

ಸ್ನೇಹಾ ಅಳಲಿಲ್ಲ, ಚಾಡಿ ಹೇಳಲಿಲ್ಲ. ನೋಟ್‌ಬುಕ್ಕನ್ನು ಅಪ್ಪನ ಊಟದ ಗಂಗಾಳದ ಪಕ್ಕ ಇಟ್ಟು ಪಡಸಾಲೆಗೆ ಹೋದಳು. ಇವರು ಓದಿದರು. ಜಗಳಕ್ಕೆ ಬರಲಿ ಅಂತ ಕಾದೆ. ಸಿದ್ದಲಿಂಗೇಶ ಅನ್ನುವ ಈ ಮನುಷ್ಯ ಜಗಳಕ್ಕೂ ಬರುವುದಿಲ್ಲ.

‘ನೀ ಕಲತಾಕಿ. ತಪ್ಪೈತಂತ ತಿದ್ದಿದಿ. ಆದ್ರ ರೋಜಾ ಹಂಗ ಮಾಡೂದಿಲ್ಲ ನೋಡು. ಆಕಿ ಮೊದಲ ಕೂಸಿನ ಮಾರಿ ನೋಡ್ತಾಳ.’

‘ನೋಡ್ತಿದ್ಲು ಅನ್ರಿ! ಮಾಡ್ತಿದ್ದಿಲ್ಲ ಅನ್ರಿ! ಆಕಿ ಸತ್ತಾಳ. ನಾ ಜೀವಂತ ಅದೀನಿ. ನನ್ನ ಬಗ್ಗೆ ಈ ಮನ್ಯಾಗ ಒಬ್ಬರ ಬಾಯಾಗೂ ಪ್ರೆಸೆಂಟ್ ಟೆನ್ಸ್ ಬರೂದಿಲ್ಲೇನ್ರಿ?’

ಪಡಸಾಲೆಯಲ್ಲಿ ಪೆನ್ಸಿಲ್ ಸದ್ದು ನಿಂತಿತು. ಅತ್ತೆ ಒಳಗಿನಿಂದ, ‘ಮಾತ ಆಡಿದ್ರ ಹೋತು, ಮುತ್ತ ಒಡದ್ರ ಹೋತು. ಸುಮ್ಮನಾಗ ಕಾಂಚನಾ’ ಅಂದರು. ಅಷ್ಟರಲ್ಲಿ ಎಲ್ಲಾ ಆಡಿಯಾಗಿತ್ತು.

ಜೂನ್ ೨೧, ಶನಿವಾರ

ಸ್ನೇಹಾಳ ಸೋದರಮಾವ ಬೈಕಿನಲ್ಲಿ ಬಂದು ಬೆಳ್ಳಟ್ಟಿಗೆ ಕರೆದುಕೊಂಡು ಹೋದರು. ರೋಜಾಳ ತವರು. ‘ಸೋಮವಾರ ಬರ್ತಾಳ್ರಿ’ ಅಂದರು. ಖರೆ ಹೇಳಬೇಕೆಂದರೆ ಮನಸ್ಸು ಹಗುರಾಯಿತು. ಎರಡು ದಿನ ನಾನು, ಇವರು, ಅತ್ತೆ. ಟೀವಿ ಜೋರಾಗಿ ಹಚ್ಚಿದೆ.

ಜೂನ್ ೨೬, ಗುರುವಾರ

ಬಂದಿಲ್ಲ. ಕನ್ನಡದ ‘ಬರ್ತಾಳ’ವನ್ನು ನಂಬಬಾರದು. ದಿನಾ ಬರುವುದಕ್ಕೂ ಅದೇ, ನಾಳೆ ಬರುವುದಕ್ಕೂ ಅದೇ, ಬರದೇ ಇರುವುದಕ್ಕೂ ಅದೇ!

ಕ್ಲಾಸಿನಲ್ಲಿ ಪ್ರೆಸೆಂಟ್ ಕಂಟಿನ್ಯುಯಸ್. ಈ ಗಳಿಗೆಯಲ್ಲಿ ನಡೆಯುತ್ತಿರುವುದು. ‘ನಿಮ್ಮ ಮನ್ಯಾಗ ಈಗ ಯಾರು ಏನ್ ಮಾಡಾಕತ್ತಾರ, ಹೇಳ್ರಿ’ ಅಂದೆ. ಅಸ್ಮಾ ಎದ್ದು, ‘ಮೈ ಮದರ್ ಈಸ್ ಮೇಕಿಂಗ್ ರೊಟ್ಟಿ’ ಅಂದಳು. ಮಂಜುಳಾ — ‘ಮೈ ಮದರ್ ಈಸ್ ಸ್ಲೀಪಿಂಗ್.’ ಎಲ್ಲ ನಕ್ಕರು. ‘ನಿಮ್ಮ ಮಗಳು ಏನ್ ಮಾಡಾಕತ್ತಾಳ್ರಿ ಟೀಚರ್?’ ಎಂದಳು ಅಸ್ಮಾ.

‘ಮುಂದಿನ ಬೆಂಚಿನವ್ರು ಹೇಳ್ರಿ’ ಅಂದೆ. ಸ್ನೇಹಾ ಈಗ ಏನು ಮಾಡುತ್ತಿದ್ದಾಳೆಂದು ಗೊತ್ತಿರುವವರು ಅವಳ ಬೆಳ್ಳಟ್ಟಿಯ ಅಜ್ಜಿ. ಈಗ ಅವರ ಮೇಲೂ ಹೊಟ್ಟೆಕಿಚ್ಚು. ಪಟ್ಟಿ ಬೆಳೆಯುತ್ತಿದೆ.

ಜುಲೈ ೪, ಶುಕ್ರವಾರ

ಎರಡು ವಾರ ಮುಗಿಯಿತು. ಸ್ನೇಹಾಳನ್ನು ಬೆಳ್ಳಟ್ಟಿಯಲ್ಲೇ ಶಾಲೆಗೆ ಹಚ್ಚುತ್ತಾರಂತೆ. ಸೋಮವಾರ ಇವರು ಅವಳ ಇಲ್ಲಿನ ಶಾಲೆಗೆ ಹೋಗಿ ಟಿಸಿ ತರುತ್ತಾರೆ. ಟಿಸಿ ಬಂತೆಂದರೆ ಮುಗಿಯಿತು, ಅವಳು ಈ ಮನೆಗೆ ಇನ್ನು ರಜೆಗೆ ಬರುವ ಹುಡುಗಿ. ನನ್ನನ್ನು ಯಾರೂ ಕೇಳಲಿಲ್ಲ. ಬೈಯಲೂ ಇಲ್ಲ.

ಬೆಳಿಗ್ಗೆ ಎಂಟೂಕಾಲಿಗೆ ಏನೂ ಕೆಲಸವಿಲ್ಲ. ಜಡೆ ಹಾಕುವ ಹೊತ್ತದು. ಒಲೆ ಒರೆಸುತ್ತೇನೆ. ಒರೆಸಿದ್ದನ್ನೇ ಮತ್ತೆ ಒರೆಸುತ್ತೇನೆ. ಅವಳಿಲ್ಲದೆ ನನಗೆ ಆಗುವುದಿಲ್ಲ ಅಂತ ಈಗ ಗೊತ್ತಾಗುತ್ತಿದೆ. ಎಂಥಾ ಶಾಣ್ಯಾಕಿ ನಾನು!

ಅತ್ತೆ ಕಾಳು ಆರಿಸುತ್ತ, ‘ಸತ್ತಾಕಿ ಕೂಡ ಎಂಥಾ ಜಿದ್ದವ್ವಾ ನಿಂದು? ಆಕಿ ಎದ್ದು ಬಂದು ನಿನ್ನ ಗಂಗಾಳದಾಗ ಉಣ್ತಾಳೇನು?’ ಅಂದರು.

‘ದಿನಾ ಉಣ್ತಾಳ್ರಿ ಅತ್ತಿ.’

ಮೊರ ಕೆಳಗಿಟ್ಟರು. ಸೆರಗಿನಿಂದ ಕಣ್ಣು ಒರೆಸಿಕೊಂಡರು. ‘ನನಗ ಮಗಳಂಗ ಇದ್ಲವ್ವಾ.’

ಇದ್ಲು. ಮೊದಲ ಸಲ ಅಂದರು. ಇದಕ್ಕಾಗಿ ಹದಿಮೂರು ತಿಂಗಳು ಕಾದಿದ್ದೆ. ಗೆದ್ದೆ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಮುದುಕಿಯ ಮುಖ ನೋಡಲಾಗಲಿಲ್ಲ.

ಜುಲೈ ೬, ರವಿವಾರ. ಮಧ್ಯಾಹ್ನ ೩, ಬೆಳ್ಳಟ್ಟಿ

ಒಬ್ಬಳೇ ಬಂದೆ. ಇವರಿಗೆ ಹೇಳಿದರೆ ‘ಬ್ಯಾಡ’ ಅನ್ನುತ್ತಿದ್ದರು, ಅದಕ್ಕೇ ಹೇಳಲಿಲ್ಲ. ರೋಜಾಳ ತಾಯಿ ನೀರು ಕೊಟ್ಟರು, ಚಹಾ ಕೊಟ್ಟರು. ಆಮೇಲೆ ತಲೆ ಬಗ್ಗಿಸಿ ಬತ್ತಿ ಹೊಸೆಯುತ್ತ ಕೂತರು. ಗೋಡೆಯ ಮೇಲೆ ರೋಜಾಳ ಫೋಟೋ. ಚೆಂದ ಇದ್ದಾಳೆ, ನನಗಿಂತ. ಬಂದ ಕೆಲಸ ಬಿಟ್ಟು ಅದಕ್ಕೂ ಒಂದಿಷ್ಟು ಹೊಟ್ಟೆ ಉರಿಸಿಕೊಂಡೆ.

ಸ್ನೇಹಾ ಬಾಗಿಲಿಗೆ ಆತು ನಿಂತಿದ್ದಳು.

‘ನಿನ್ನ ವಾಕ್ಯ ಹತ್ತೂ ಬರೋಬ್ಬರಿ ಇದ್ದುವು. ನಾ ತಿದ್ದಿದ್ದು ತಪ್ಪು’ ಅಂದೆ.

‘ಗ್ರಾಮರ್ ತಪ್ಪೇನ್ರಿ?’

‘ಗ್ರಾಮರ್ ಅಲ್ಲವಾ. ಹೊಟ್ಟಿಕಿಚ್ಚು.’

‘ನಮ್ಮವ್ವನ ಮ್ಯಾಲೇನ್ರಿ?’

‘ಹೂಂ.’ ಅವಳ ಅಜ್ಜಿಯ ಎದುರೇ ಹೇಳಿದೆ. ಅಜ್ಜಿ ತಲೆ ಎತ್ತಿ ಮೊದಲ ಸಲ ನನ್ನನ್ನು ಸರಿಯಾಗಿ ನೋಡಿದರು.

‘ಮನಿಗೆ ಬಾರವಾ’ ಅಂದೆ. ‘ಟೀಚರ್ ಅಂತನ ಕರಿ. ಆದ್ರ ಬಾ.’

ಬಾಗಿಲು ಬಿಟ್ಟು ಒಂದು ಹೆಜ್ಜೆ ಮುಂದೆ ಬಂದಳು. ಆಮೇಲೆ ಪಕ್ಕಾ ಮಾಸ್ತರರ ಹಾಗೆ — ‘ತಪ್ಪು ಮಾಡಿದವ್ರು ಹತ್ತು ಸಲ ಬರೀಬೇಕ್ರಿ. ಮೊದಲನೇ ವಾಕ್ಯ. ಬರದ್ರ ಬರ್ತೀನಿ.’

ನನ್ನ ಬ್ಯಾಗಿನಲ್ಲಿ ಈ ಡೈರಿಯೊಂದೇ ಇತ್ತು, ಇದರಲ್ಲೇ ಬರೆಯಬೇಕು. ಸ್ನೇಹಾ ಬಟ್ಟೆ ತುಂಬಿಕೊಳ್ಳಲು ಒಳಗೆ ಹೋಗಿದ್ದಾಳೆ. ಬರುವಷ್ಟರಲ್ಲಿ ಮುಗಿಸಬೇಕು.

ಒಂದು. ಮೈ ಮದರ್ ಈಸ್ ರೋಜಾ.

ಎರಡು. ಮೈ ಮದರ್ ಈಸ್ ರೋಜಾ.

ಮೂರು. ಮೈ ಮದರ್ ಈಸ್ ರೋಜಾ.

ನಾಲ್ಕು. ಮೈ ಮದರ್ ಈಸ್ ರೋಜಾ. ಬೆರಳು ನೋಯುತ್ತಿದೆ. ಬೆರಳೇ ಅಂತ ಇಟ್ಟುಕೊಳ್ಳೋಣ.

ಐದು. ಮೈ ಮದರ್ ಈಸ್ ರೋಜಾ.

ಆರು. ಮೈ ಮದರ್ ಈಸ್ ರೋಜಾ.

ಬಂದು ಪಕ್ಕದಲ್ಲೇ ಕುಳಿತಳು, ಮೊಣಕೈ ನನ್ನ ಮೊಣಕೈಗೆ ಹತ್ತಿ. ಚೀಲ ತೊಡೆಯ ಮೇಲಿದೆ. ತುಟಿ ಅಲ್ಲಾಡಿಸುತ್ತ ಎಣಿಸುತ್ತಿದ್ದಾಳೆ. ‘ಇನ್ನೂ ನಾಕ ಅದಾವ್ರಿ’ ಅಂದಳು. ಬಸ್ಸು ಹೋದರೂ ಬಿಡುವವಳಲ್ಲ.

ಏಳು. ಮೈ ಮದರ್ ಈಸ್ ರೋಜಾ. ಇನ್ನೂ ಮೂರು.