ಅಂಗಳದ ನಲ್ಲಿಗೆ ಬೀಗ

ಫ್ರೆಸ್ನೊ, ಗುರುವಾರ

ಮನೆ ಮಾಲೀಕರಾದ ಡಾನ್ ರೊಗೆಲಿಯೊ ಅವರಿಗೆ, ನಿಮ್ಮ ಹಿತ್ತಲಿನ ಬಾಡಿಗೆ ಮನೆಯ ಡೆಲ್ಫಿನಾ ಮಾಡುವ ನಮಸ್ಕಾರ.

ನಿನ್ನೆ ನಾನು ಕಾರು ತೊಳೆಯುವಾಗ ನೀವು ಬಂದು, "ಏನಮ್ಮಾ, ನಿಮ್ಮ ಕಾರಿಗೆ ದಿನಾ ಮದುವೇನಾ? ಬಾಡಿಗೆ ಮನೇಲಿ ಈ ಶೋಕಿಯೆಲ್ಲಾ ಬೇಡ" ಎಂದು ನಲ್ಲಿಗೆ ಬೀಗ ಹಾಕಿದಿರಿ. ಎದುರು ನಿಂತು ಮಾತಾಡಲು ನನಗೆ ಬಾಯಿ ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಅದು ಶೋಕಿಯಲ್ಲ. ನನ್ನ ಗಂಡ ಎಫ್ರೆನ್ ರಾತ್ರಿಯೆಲ್ಲಾ ದ್ರಾಕ್ಷಿ ತೋಟಕ್ಕೆ ಗಂಧಕದ ಪುಡಿ ಹೊಡೆದು ಬರುತ್ತಾರೆ. ಆ ಪುಡಿ ಕಾರಿನ ಬಾಗಿಲು, ಸೀಟಿಗೆಲ್ಲ ಅಂಟಿರುತ್ತದೆ. ಒಂದು ದಿನ ತೊಳೆಯದೆ ಬಿಟ್ಟಿದ್ದಕ್ಕೆ ನಮ್ಮ ಮಗನ ಕಣ್ಣು ಊದಿಕೊಂಡಿತ್ತು.

ಎಫ್ರೆನ್ ಮಾತ್ರ, "ಸುಮ್ನಿರೇ, ಮನೆ ಬಿಡಿ ಅಂದ್ರೆ ಎಲ್ಲಿಗೆ ಹೋಗೋಣ?" ಅನ್ನುತ್ತಾರೆ. ಇವತ್ತು ಅಡುಗೆಮನೆಯಿಂದ ಪಾತ್ರೆಯಲ್ಲಿ ನೀರು ಹೊತ್ತು ಸೀಟು ಒರೆಸಿದೆ. ಬಸುರಿ ನಾನು, ಬಾಗಿಲು ತೊಳೆಯುವಷ್ಟು ಹೊರಲಾಗಲಿಲ್ಲ. ನೀವು ಬೀಗ ತೆಗೆದರೆ ಇನ್ನು ಪೈಪು ಹಿಡಿಯುವುದಿಲ್ಲ. ದಿನಕ್ಕೆ ಎರಡು ಬಕೆಟ್ ನೀರು ಸಾಕು.

ನಿಮ್ಮ ಮೊಮ್ಮಗಳು ಇಟ್ಸೆಲ್ ಕೂಡ ನಮ್ಮ ಮಗನ ಜೊತೆ ಅದೇ ಕಾರಿನಲ್ಲಿ ಶಾಲೆಗೆ ಹೋಗುತ್ತಾಳೆ. ಬೆಳಿಗ್ಗೆ ಅವಳು ಚೀಲ ಹಿಡಿದು ಬಾಗಿಲಲ್ಲಿ ನಿಂತರೆ ಬೇಡ ಅನ್ನಲು ನನ್ನಿಂದಾಗದು. ದಯವಿಟ್ಟು ಬೀಗದ ಕೈಯನ್ನು ನಮ್ಮ ಕಿಟಕಿಯಲ್ಲಿಡಿ. ಆಗದಿದ್ದರೆ ನಾಳೆಯಿಂದ ಅವಳನ್ನು ನೀವೇ ಕರೆದುಕೊಂಡು ಹೋಗಿ.

ಇಂತಿ,
ಡೆಲ್ಫಿನಾ