ಜೋಳದ ಡಬ್ಬಿಯಲ್ಲಿದ್ದ ಡಿಸ್ಕ್

ಸಂಶಿ, ಗುರುವಾರ

ಪ್ರೀತಿಯ ಅಮೃತಾ,

ನಿನ್ನ ಫೋನ್ ಬಂದಾಗಿನಿಂದ ಖುಷಿಗೆ ಮನೆಯೆಲ್ಲ ಓಡಾಡುತ್ತಿದ್ದೇನೆ! ನಿಮ್ಮ ಆಫೀಸಿನ ಕೆಟ್ಟುಹೋದ ಸರ್ವರಿನ ಹತ್ತು ಸಾವಿರ ಜನರ ಇಮೇಲುಗಳು ನಾನು ಕೊಟ್ಟ ಡಿಸ್ಕಿನಿಂದ ಮರಳಿ ಬಂದವಲ್ಲ!

ಬ್ಯಾಕಪ್ಪಿನ ಒಂದು ಪ್ರತಿ ಆಫೀಸಿನ ಹೊರಗಿರಬೇಕೆಂದು ನಮ್ಮವರು ಪ್ರತಿ ಶನಿವಾರ ಅದರ ಡಿಸ್ಕನ್ನು ಮನೆಗೆ ತಂದು ಜೋಳದ ಡಬ್ಬಿಯಲ್ಲಿ ಇಡುತ್ತಿದ್ದರು. "ಆಫೀಸನ್ನ ಜ್ವಾಳದಾಗ ಹುಗೀತೀರೇನ್ರಿ?" ಎಂದು ನಾನು ನಗುತ್ತಿದ್ದೆ. ಅವರು ತೀರಿಕೊಂಡ ಮೇಲೆ ಮೂರು ವಾರ, ನೀನು ಡಿಸ್ಕ್ ಕೇಳುವವರೆಗೂ, ಆ ಡಬ್ಬಿ ಮುಟ್ಟಿರಲಿಲ್ಲ.

ಬ್ಯಾಕಪ್ ಸರಿಯಾಗಿ ಮರಳಿ ಬರುತ್ತದೆಯೇ ಎಂದು ನೋಡಲು ಅವರು ಪ್ರತಿ ವಾರ ತಮಗೇ ಒಂದು ಸಾಲಿನ ಇಮೇಲ್ ಬರೆದುಕೊಳ್ಳುತ್ತಿದ್ದುದು ನನಗೆ ಗೊತ್ತಿರಲಿಲ್ಲ. ಕೊನೆಯದನ್ನು ನೀನು ಫೋನಿನಲ್ಲಿ ಓದಿದೆ: "ಇವತ್ತೂ ನಂದಾ ನಗತಾಳ."

ಅದನ್ನು ಪ್ರಿಂಟ್ ತೆಗೆದು ಕೊಡು. ಅವರ ಕೆಲಸ ಈಗ ನಿನ್ನದು. ಶನಿವಾರ ಹೊಸ ಡಿಸ್ಕ್ ತೆಗೆದುಕೊಂಡು ಬಾ. ಡಬ್ಬಿಯಲ್ಲಿ ಜಾಗ ಮಾಡಿದ್ದೇನೆ. ನಕ್ಕೇ ಇಟ್ಟುಕೊಳ್ಳುತ್ತೇನೆ.

ನಿನ್ನ ದಾರಿ ನೋಡುವ,
ನಂದಕ್ಕ