ಉಸಿರಿಗೂ ಅಲುಗುವ ತಕ್ಕಡಿ

ಜಮಖಂಡಿ
೧೪ ನವೆಂಬರ್ ೧೯೩೭

ತೀರ್ಥರೂಪ ಅವ್ವನಿಗೆ ಸಾವಿತ್ರೆವ್ವನ ಶರಣು. ಇದನ್ನು ಓದಿ ಹೇಳುವ ಮುರಗೆಪ್ಪ ಕಾಕಾನವರಿಗೂ ಶರಣು. ನಡುನಡುವೆ ಸಾಲು ನುಂಗಬಾರದೆಂದು ಕೈಮುಗಿದು ಕೇಳುತ್ತೇನೆ.

ನೀನು ಬರೆಸಿದ ಕಾಗದ ಮುಟ್ಟಿತು. ನಿನ್ನ ಕೆಮ್ಮು ಇಳಿದು ನಿದ್ದೆ ಹತ್ತಿತೆಂದೂ ಇಲ್ಲಿಯ ಡಾಕ್ಟರರ ಕೈಗುಣ ದೊಡ್ಡದೆಂದೂ ಓದಿ ಸಂತೋಷವಾಯಿತು. ಅದರ ಕೆಳಗೇ, ‘ಹೆಣ್ಣಮಗಳು ಕಲಸಿದ ಔಷಧ ಯಾರ ಕುಡೀತಾರ? ಕಂಪೌಂಡರ್ ಆಗೂದು ಸಾಕು, ಮನಿಗೆ ಬಾ’ ಎಂದು ಬರೆಸಿದ್ದೀ. ಶುಕ್ರವಾರ ಕಾಕಾ ಗಾಡಿ ತರುತ್ತಾರಂತೆ. ಅಷ್ಟರೊಳಗೆ ನಾನು ಇಲ್ಲಿ ಕಂಡದ್ದನ್ನು ಕೇಳು.

ದವಾಖಾನೆಯ ಔಷಧದ ಕೋಣೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಒಂದು ತಕ್ಕಡಿ ಇದೆ. ಪೆಟ್ಟಿಗೆಯ ಬಾಗಿಲು ತೆರೆದು ಜೋರಾಗಿ ಉಸಿರು ಬಿಟ್ಟರೆ ಅದರ ತಟ್ಟೆ ಅಲುಗುತ್ತದೆ! ಮೊದಲ ದಿನ ಅದರ ಮುಂದೆ ಊಟದ ನೆನಪೂ ಇಲ್ಲದೆ ನಿಂತುಬಿಟ್ಟೆ.

ನೂಲಿಗೆ ಬಣ್ಣ ಹಾಕುವ ನಮ್ಮ ಮನೆಯ ರೂಢಿ ನಿನಗೆ ಗೊತ್ತೇ ಇದೆ. ನೀಲಿಯ ಹಂಡೆ ಹದಕ್ಕೆ ಬಂತೋ ಇಲ್ಲವೋ ಎಂದು ಬೆರಳದ್ದಿ ನಾಲಿಗೆಗೆ ಇಟ್ಟು ನೋಡುವುದು. ಇಲ್ಲಿಯೂ ಕೈ ತಾನಾಗಿ ಹೋಯಿತು. ಒಂದು ಬಿಳಿ ಪುಡಿ ಮುಟ್ಟಿ ಬೆರಳನ್ನು ಬಾಯಿಯ ತನಕ ಒಯ್ದಿದ್ದೆ. ಪಾಠ ಹೇಳುವ ತುಕಾರಾಮ ಮಾಸ್ತರರು ಹಾರಿ ಬಂದು ಮಣಿಕಟ್ಟು ಹಿಡಿದರು, ಬಳೆ ಒಡೆಯಿತು. ‘ಏ ತಂಗಿ, ಇದು ನಿಮ್ಮ ಬಣ್ಣದ ಹಂಡೆ ಅಲ್ಲ. ಕಾಸರಕದ ಬೀಜದ ವಿಷ ಐತಿ’ ಎಂದರು.

ಗಂಟು ಕಟ್ಟಿಸಿ ಮನೆಗೆ ಕಳಿಸುತ್ತಾರೆಂದು ಅಳುತ್ತ ಕೂತೆ. ಅವರು ನನಗೆ ಕೈ ತೊಳೆಸಿ ಅದೇ ಪುಡಿಯನ್ನು ತೂಗಿಸಿದರು. ಸಾಸಿವೆಕಾಳಿಗಿಂತ ಕಡಿಮೆ. ಅಷ್ಟನ್ನು ಬಾಟಲಿ ತುಂಬ ನೀರಿನಲ್ಲಿ ಹಂಚಿದರೆ ಜ್ವರ ಬಿಟ್ಟವರಿಗೆ ಹಸಿವೆ ಹುಟ್ಟುತ್ತದೆಯಂತೆ. ಕೈತಪ್ಪಿ ಹೆಚ್ಚು ಬಿದ್ದರೆ ಹೋರಿಯಂಥ ಗಂಡಸೂ ಮೇಲೇಳುವುದಿಲ್ಲವಂತೆ. ಅವ್ವಾ, ಮೈ ಜುಮ್ಮೆಂದಿತು. ಗುಡಿಯಲ್ಲಿಯೂ ನಾನು ಹಾಗೆ ನಿಂತಿಲ್ಲ, ಸುಳ್ಳೇಕೆ ಹೇಳಲಿ. ನಮ್ಮಲ್ಲಿ ಔಷಧವೆಂದರೆ ಚಿಟಿಕೆ. ಕೊಡುವವರ ಬೆರಳು ದಪ್ಪವಿದ್ದರೆ ರೋಗಿಯ ಹಣೆಬರಹ. ಇಲ್ಲಿ ಯಾರು ತೂಗಿದರೂ ತೂಕ ಒಂದೇ. ಕೈ ಹೆಣ್ಣಿನದೋ ಗಂಡಿನದೋ ಎಂದು ಆ ತಕ್ಕಡಿ ಕೇಳುವುದಿಲ್ಲ.

ಬರುವ ತಿಂಗಳು ಪರೀಕ್ಷೆ. ಈಗ ಬಂದರೆ ಮತ್ತೆ ಸೇರಿಸಿಕೊಳ್ಳುವುದಿಲ್ಲ. ಗಾಡಿ ಬಂದರೆ ಹತ್ತಿ ಕೂರುತ್ತೇನೆ, ನಿನ್ನ ಮಾತು ಮೀರುವವಳಲ್ಲ. ಆದರೆ ಕೊನೆಯ ಸಾಲಿನ ತನಕ ಕೇಳಿ ಆಮೇಲೆ ಎತ್ತು ಹೂಡಿಸು.

ನಿನ್ನ ಮಗಳು,
ಸಾವಿತ್ರೆವ್ವ

ತಾ. ಕ.: ಹೋದ ವಾರ ಕಾಕಾ ಒಯ್ದ ಕೆಮ್ಮಿನ ಔಷಧದ ಬಾಟಲಿಗೆ, ಹೊತ್ತಿಗೆ ಎಷ್ಟು ಕುಡಿಯಬೇಕೆಂದು ತಿಳಿಯಲು ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದ ಅಂಟಿಸಿತ್ತಲ್ಲ? ಅದನ್ನು ಕತ್ತರಿಸಿದವಳು ನಾನು. ಒಳಗಿನದನ್ನು ತೂಗಿ ಕಲಸಿದವಳೂ ನಾನೇ. ಮಾಸ್ತರರು ಪಕ್ಕದಲ್ಲಿ ನಿಂತು ನೋಡಿದರು, ಅಷ್ಟೆ. ಔಷಧ ಕೊಡುವ ಕಿಟಕಿಯಲ್ಲಿ ಚಾಚಿದ ಕಾಕಾನ ಕೈ ಗುರುತು ಸಿಕ್ಕಿತು, ಹೆಸರು ಹೇಳದೆ ಬಾಟಲಿ ಕೊಟ್ಟೆ. ಯಾರು ಕುಡಿಯುತ್ತಾರೆಂದು ಕೇಳಿದ್ದೀಯಲ್ಲ ಅವ್ವಾ, ಬಾಟಲಿ ಖಾಲಿಯಾಗಿದ್ದರೆ ತೊಳೆದು ಕಳಿಸು. ಮತ್ತೆ ತುಂಬಿ ಕೊಡುತ್ತೇನೆ.